ಅನ್ನಪೂರ್ಣ ಸರ್ಕ್ಯೂಟ್: ಅಮ್ಮನ ಜೊತೆ ಮುಕ್ತಿನಾಥಕ್ಕೆ ಹೋಗಿ ಅಲ್ಲಿಂದ ಉಲ್ಟಾ ನಡೆಯಬಹುದಾ?

ಮೆಲ್ಲನಡಿಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೂರು ವರ್ಷದಿಂದ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನೇಪಾಳದ ಅನ್ನಪೂರ್ಣ ಸರ್ಕ್ಯೂಟ್, ಅಂದರೆ ಅನ್ನಪೂರ್ಣ ಬೆಟ್ಟಸಾಲನ್ನು ಸುತ್ತುವ ಚಾರಣದ ದಾರಿ, ನಡೆಯಬೇಕು ಅಂತ ಬಹಳ ದಿನದ ಆಸೆ. ಈ ವರ್ಷ ಅಧಿಕ ಜ್ಯೇಷ್ಠ ಬಂದು ಹಬ್ಬಗಳೆಲ್ಲ ಮುಂದಕ್ಕೆ ಹೋಗಿವೆ. ದಸರಾ ಅಕ್ಟೋಬರ್ 20ಕ್ಕೆ, ದೀಪಾವಳಿ ನವೆಂಬರ್ 8ರಿಂದ 10. ದೀಪಾವಳಿ ಮುಗಿದ ಮೇಲೆ ಇಪ್ಪತ್ತು ದಿನ ರಜೆ ಕೊಡಲು ಆಫೀಸಿನವರು ಒಪ್ಪಿದ್ದಾರೆ.

ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಅಮ್ಮ ಕೇಳಿದರು: "ಆ ದಾರಿಯಲ್ಲಿ ಮುಕ್ತಿನಾಥ ಬರುತ್ತಲ್ವಾ? ನಾನೂ ಬರ್ತೀನಿ." ನಮ್ಮ ಸೋದರತ್ತೆ ಎರಡು ವರ್ಷದ ಹಿಂದೆ ಹೋಗಿ ಬಂದು, 108 ಧಾರೆಗಳ ಕೆಳಗೆ ತಲೆ ಕೊಟ್ಟ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಅಮ್ಮನಿಗೆ ಉತ್ಥಾನ ದ್ವಾದಶಿಯ ದಿನ, ಅಂದರೆ ನವೆಂಬರ್ 21ಕ್ಕೆ, ಅಲ್ಲಿರಬೇಕಂತೆ. ತುಳಸಿಗೂ ಸಾಲಿಗ್ರಾಮಕ್ಕೂ ಮದುವೆ ಮಾಡುವ ದಿನ, ಸಾಲಿಗ್ರಾಮ ಸಿಗುವ ಗಂಡಕಿ ನದಿಯ ಸೀಮೆಯಲ್ಲೇ ಇರುವುದು ಅಂದರೆ ಅವರಿಗೆ ಅದಕ್ಕಿಂತ ದೊಡ್ಡದಿಲ್ಲ.

ಎಲ್ಲರೂ ಪೂರ್ವದ ಬೆಸಿಸಹರ್ ಕಡೆಯಿಂದ ಶುರು ಮಾಡುತ್ತಾರೆ ಅಂತ ಗೊತ್ತು. ಆದರೆ ದೀಪಾವಳಿ ಮುಗಿಸಿ ಹೊರಟರೆ 21ರೊಳಗೆ ತೊರೊಂಗ್ ಲಾ ಪಾಸ್ (ಬೆಟ್ಟ ದಾಟುವ ಕಂಡಿ) ದಾಟಿ ಮುಕ್ತಿನಾಥ ಮುಟ್ಟಲು ಆಗುವುದಿಲ್ಲ. ಹಾಗಾಗಿ ಹೀಗೆ ಯೋಚಿಸಿದ್ದೇನೆ. 17ಕ್ಕೆ ಅಮ್ಮ, ಸೋದರಮಾವ, ನಾನು ಪೋಖರಾ. 18ಕ್ಕೆ ಜೋಮ್‌ಸೊಮ್. 19ಕ್ಕೆ ಮುಕ್ತಿನಾಥ. 21ಕ್ಕೆ ಪೂಜೆ. ಮರುದಿನ ಅವರಿಬ್ಬರೂ ಜೀಪಿನಲ್ಲಿ ಕೆಳಗೆ, ನಾನು ತೊರೊಂಗ್ ಲಾ ದಾಟಿ ಮನಾಂಗ್ ಕಡೆಗೆ. ಅಲ್ಲಿಂದ ನಿಧಾನವಾಗಿ ಇಳಿಯುತ್ತಾ ಬೆಸಿಸಹರ್.

ಇದು ಆಗುವ ಮಾತಾ? ನನ್ನ ಅನುಭವ: ಕುಮಾರ ಪರ್ವತ ನಾಲ್ಕು ಸಲ, ಮುಳ್ಳಯ್ಯನಗಿರಿ ಲೆಕ್ಕವಿಲ್ಲ, ಉತ್ತರಾಖಂಡದಲ್ಲಿ ಕೇದಾರಕಂಠ ಒಂದು ಸಲ.

ಸಿರ್ಸಿಮಾಣಿ

ಸ್ವಾಗತ. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಅಮ್ಮನ ಭಾಗ ಚೆನ್ನಾಗಿದೆ. 22ನೇ ತಾರೀಕಿನ ಭಾಗ ಚೆನ್ನಾಗಿಲ್ಲ.

ಕುಮಾರ ಪರ್ವತದಲ್ಲಿ ಬೀದಹಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದೋ, ಕುಕ್ಕೆಯಿಂದ ಹತ್ತುವುದೋ ಅನ್ನುವುದು ಕಾಲಿನ ಪ್ರಶ್ನೆ. ಎಷ್ಟು ಬೆವರು, ಎಷ್ಟು ಹೊತ್ತು ಅಷ್ಟೇ. ತೊರೊಂಗ್ ಲಾದಲ್ಲಿ ಅದು ಉಸಿರಿನ ಪ್ರಶ್ನೆ. ಪಾಸ್ ಎತ್ತರ 5,416 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಅದನ್ನು ಎರಡೂಮುಕ್ಕಾಲು ಸಲ ಒಂದರ ಮೇಲೊಂದು ಇಟ್ಟಷ್ಟು ಎತ್ತರ.

ಆ ಬೆಟ್ಟದ ಎರಡು ಮಗ್ಗುಲೂ ಒಂದೇ ಥರ ಇಲ್ಲ. ಪೂರ್ವದಲ್ಲಿ ಮರ್ಸ್ಯಾಂಗ್ಡಿ ಕಣಿವೆ ಉದ್ದಕ್ಕೆ, ನಿಧಾನವಾಗಿ ಏರುತ್ತದೆ. ಚಾಮೆ 2,670, ಮೇಲಿನ ಪಿಸಾಂಗ್ 3,300, ಮನಾಂಗ್ 3,540, ಯಾಕ್ ಖರ್ಕ 4,050, ತೊರೊಂಗ್ ಫೇಡಿ 4,450. ಎಲ್ಲ ಕಡೆ ಮಲಗಲು ಮನೆ, ಉಣ್ಣಲು ದಾಲ್ ಭಾತ್. ಪಾಸ್ ದಾಟುವ ದಿನ ಫೇಡಿಯಿಂದ ಹತ್ತುವುದು ಸಾವಿರ ಮೀಟರಿಗಿಂತ ಸ್ವಲ್ಪ ಕಡಿಮೆ. ಫೇಡಿಯ ಮೇಲಿನ ಹೈ ಕ್ಯಾಂಪ್‌ನಲ್ಲಿ ಮಲಗಿದ್ದರೆ ಅದರ ಅರ್ಧ.

ಪಶ್ಚಿಮದಲ್ಲಿ ಮುಕ್ತಿನಾಥ ಸುಮಾರು 3,760. ಅಲ್ಲಿಂದ ಗೋಡೆ ಹತ್ತಿದ ಹಾಗೆ ಒಂದೇ ಏರು. ಒಂದೇ ದಿನ 1,650 ಮೀಟರ್ ಹತ್ತಿ, ಮತ್ತೆ ಸಾವಿರ ಮೀಟರ್ ಫೇಡಿಗೆ ಇಳಿಯಬೇಕು. ಹತ್ತಲು ಕಷ್ಟವಾದ ಮಗ್ಗುಲು ಇಳಿಯಲು ಇರಲಿ ಅಂತಲೇ ಎಲ್ಲರೂ ಆ ಕಡೆಯಿಂದ ಬರುವುದು. ಸುಮ್ನೆ ಕುರಿಮಂದೆಯ ಹಾಗೆ ಬರುತ್ತಿಲ್ಲ.

ಉಲ್ಟಾಪಲ್ಟಾ

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. 2017ರಲ್ಲಿ ನಾನು ಮುಕ್ತಿನಾಥದಿಂದಲೇ ದಾಟಿದೆ. ಬದುಕಿ ಬಂದು ಇಲ್ಲಿ ಬರೆಯುತ್ತಿದ್ದೇನೆ.

ಉಲ್ಟಾ ದಾರಿಗೂ ಲಾಭಗಳಿವೆ, ಯಾರೂ ಹೇಳುವುದಿಲ್ಲ. ಒಂದು, ಗಾಳಿ. ಕಾಳಿ ಗಂಡಕಿ ಕಣಿವೆಯಲ್ಲಿ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ದಕ್ಷಿಣದಿಂದ ಗಾಳಿ ಏಳುತ್ತದೆ. ಮೇಲೆ ಮುಸ್ತಾಂಗಿನ ಬಯಲು ಬಿಸಿಲಿಗೆ ಕಾಯುತ್ತದೆ, ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅನ್ನಪೂರ್ಣಕ್ಕೂ ಧವಳಗಿರಿಗೂ ನಡುವಿನ ಸಂದಿಯಲ್ಲಿ ಅದು ನುಗ್ಗುವ ಜೋರು ನೋಡಬೇಕು. ಕಗ್‌ಬೇನಿಯಿಂದ ಜೋಮ್‌ಸೊಮ್, ಮಾರ್ಫಾ ಕಡೆ ನಡೆಯುವವರು ಮುಖಕ್ಕೆ ಧೂಳು ಮರಳು ಹೊಡೆಸಿಕೊಂಡು ಬರುತ್ತಾರೆ. ನನ್ನನ್ನು ಅದೇ ಗಾಳಿ ಬೆನ್ನು ತಟ್ಟಿ ಮುಂದಕ್ಕೆ ತಳ್ಳಿತು. ಎರಡು, ಮೊಣಕಾಲು. ಪಾಸಿನಿಂದ ಮುಕ್ತಿನಾಥಕ್ಕೆ ಇಳಿಯುವ 1,650 ಮೀಟರ್ ನನ್ನಂಥ ಹಳೇ ಮೊಣಕಾಲಿಗೆ ಶಿಕ್ಷೆ. ಮೂರು, ದಿನವೂ ಅದೇ ಮುಖಗಳು ಸಿಗುವುದಿಲ್ಲ.

ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಅದಕ್ಕೆ ಮೊದಲು ನಾನು ಮುಕ್ತಿನಾಥದ ಸುತ್ತ ಐದು ರಾತ್ರಿ ಕಳೆದೆ. ದಿನವೂ ಮೇಲೆ ಹತ್ತಿ ಕೆಳಗೆ ಬಂದು ಮಲಗಿದೆ. ಆರನೇ ರಾತ್ರಿ ಪಾಸಿನ ಕೆಳಗೆ ಚಾಬರ್ಬು ಹತ್ತಿರದ ಸಣ್ಣ ಲಾಡ್ಜಿನಲ್ಲಿ ಮಲಗಿದೆ. ಅವು ಸೀಸನ್ನಿನಲ್ಲಿ ಮಾತ್ರ ತೆರೆದಿರುತ್ತವೆ. ನವೆಂಬರ್ ಕೊನೆಗೆ ಬಾಗಿಲು ಹಾಕಿದ್ದರೆ ನಿಮ್ಮ ಲೆಕ್ಕ ಬುಡಮೇಲಾಗುತ್ತದೆ.

ಧಾರವಾಡ_ಪೇಡೆ

ಏನ್ರೀ ಉಲ್ಟಾ ಅಣ್ಣಾ, "ಉಲ್ಟಾ ಹೋಗ್ರಿ, ಭಾಳ ಚಲೋ ಅದ" ಅಂತ ಶುರು ಮಾಡಿ "ಆದ್ರ ಆರು ರಾತ್ರಿ ಮೊದಲು ಕಾಯ್ರಿ" ಅಂತ ಮುಗಿಸಿದ್ರಲ್ಲ! ಆ ಆರು ರಾತ್ರಿ ಇದ್ದಿದ್ರ ಅವರು ಸೀದಾನೇ ಬರ್ತಿದ್ರು.

ಡಾಕ್ಟರಮ್ಮ_ಮೈಸೂರು

ನಾನು 2022ರಲ್ಲಿ ಈ ದಾರಿ ನಡೆದಿದ್ದೇನೆ. ವೃತ್ತಿಯಿಂದ ಡಾಕ್ಟರ್, ಆದರೆ ಇಲ್ಲಿ ಬರೆಯುವುದು ನಿಮ್ಮ ಡಾಕ್ಟರಿಗೆ ಬದಲಿ ಅಲ್ಲ.

ಲೆಕ್ಕ ಹಾಕಬೇಕಾದ್ದು ಹಗಲು ಎಲ್ಲಿಗೆ ಹತ್ತಿದಿರಿ ಅನ್ನುವುದನ್ನಲ್ಲ, ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದನ್ನು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು. ಸಿರ್ಸಿಮಾಣಿ ಕೊಟ್ಟ ಊರುಗಳ ಪಟ್ಟಿ ನೋಡಿ, ಈ ನಿಯಮಕ್ಕೆ ಅಳತೆ ಹಿಡಿದು ಊರು ಕಟ್ಟಿದ ಹಾಗಿದೆ. ನಿಮ್ಮ ಯೋಜನೆ ನೋಡಿ: ಪೋಖರಾ 820, ಜೋಮ್‌ಸೊಮ್ 2,720, ಮುಕ್ತಿನಾಥ 3,760. ಅಲ್ಲಿ ಮೂರು ರಾತ್ರಿ ಇರುತ್ತೀರಿ, ಅದು ಒಳ್ಳೆಯದೇ. ಆದರೆ 3,760ರ ಮೇಲೆ ಒಂದು ರಾತ್ರಿಯೂ ಮಲಗದೆ ನೇರ 5,416ಕ್ಕೆ, ಹೊರೆ ಹೊತ್ತು, ಏಳೆಂಟು ಗಂಟೆ ಹತ್ತುತ್ತೀರಿ. ಹನ್ನೊಂದು ಗಂಟೆಗೆ ಅರ್ಧ ದಾರಿಯಲ್ಲಿ ತಲೆ ಸಿಡಿಯಲು ಶುರುವಾದರೆ ಏನು ಮಾಡುತ್ತೀರಿ? ವಾಪಸ್ ಬರಬೇಕು. ಆದರೆ ಆ ಹೊತ್ತಿಗೆ ಮನುಷ್ಯನಿಗೆ "ಇನ್ನೇನು ಬಂದೇ ಬಿಟ್ಟಿತು" ಅನ್ನಿಸುತ್ತದೆ. ಪರ್ವತ ಕಾಯಿಲೆ ಜೋರಾಗುವುದು ಅಲ್ಲೇ.

ಇನ್ನೊಂದು. ಮನಾಂಗಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನವರ ಚಿಕಿತ್ಸಾ ಕೇಂದ್ರ ಇದೆ. ಸೀಸನ್ನಿನಲ್ಲಿ ಮಧ್ಯಾಹ್ನ ಎತ್ತರದ ಕಾಯಿಲೆ ಬಗ್ಗೆ ಪಾಠ ಹೇಳುತ್ತಾರೆ. ಸೀದಾ ದಾರಿಯಲ್ಲಿ ಆ ಪಾಠ ಪಾಸಿಗೆ ಮೊದಲು ಸಿಗುತ್ತದೆ. ಉಲ್ಟಾ ದಾರಿಯಲ್ಲಿ ಪರೀಕ್ಷೆ ಮುಗಿದ ಮೇಲೆ ಪಾಠ.

ಮೆಲ್ಲನಡಿಗೆ

ಎಲ್ಲರಿಗೂ ಥ್ಯಾಂಕ್ಸ್. ಅರ್ಥ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ಹಾಗಾದರೆ ತಿಂಗಳನ್ನೇ ಬದಲಾಯಿಸಿದರೆ ಹೇಗೆ? ಮ್ಯಾನೇಜರ್ ಕಾಲು ಹಿಡಿದು ರಜೆಯನ್ನು ಅಕ್ಟೋಬರ್ ಮೊದಲ ವಾರಕ್ಕೆ ತಂದರೆ ಸೀದಾ ನಡೆದು ದಸರಾಕ್ಕೆ ಊರಿಗೆ ಬರಬಹುದು. ಅಮ್ಮನನ್ನು ಬೇರೆ ಯಾವಾಗಲಾದರೂ ಕರೆದುಕೊಂಡು ಹೋಗುತ್ತೇನೆ. ಅಕ್ಟೋಬರೇ ಬೆಸ್ಟ್ ಅಂತ ಎಲ್ಲ ಕಡೆ ಬರೆದಿದ್ದಾರೆ.

ಮಲೆಗಾಳಿ

ಅಕ್ಟೋಬರ್ ಬಗ್ಗೆ ನನಗೆ ಹೇಳಲು ಇದೆ.

2014ರ ಅಕ್ಟೋಬರಿನಲ್ಲಿ ನಾವು ನಾಲ್ಕು ಜನ ಚಾಮೆಯಲ್ಲಿದ್ದೆವು. ಕೊಪ್ಪದಿಂದ ಹೊರಡುವಾಗ ಒಂದು ದಿನ ತಡವಾಗಿತ್ತು, ಬಸ್ ತಪ್ಪಿ ಇನ್ನೊಂದು ದಿನ ಹೋಗಿತ್ತು. ದಾರಿಯುದ್ದಕ್ಕೂ ಇದೇ ಜಗಳ. ಅಕ್ಟೋಬರ್ 12ಕ್ಕೆ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿಯಿತು. ಎಲ್ಲಿಯ ವಿಶಾಖಪಟ್ಟಣ, ಎಲ್ಲಿಯ ಮನಾಂಗ್? ಅದರ ಉಳಿಕೆ ಒಳನಾಡು ಹತ್ತಿ 14ಕ್ಕೆ ಹಿಮಾಲಯ ಮುಟ್ಟಿತು. ಚಾಮೆಯಲ್ಲಿ ಬಿಡದೆ ಸುರಿದ ಮಳೆ ಮೇಲೆ ಹಿಮವಾಗಿ ಬಿತ್ತು. ತುಂಬಾ ಜನ ಪಾಸಿನ ಮೇಲೆ ಸಿಕ್ಕಿಹಾಕಿಕೊಂಡು, ಮುಕ್ತಿನಾಥದ ಕಡೆ ಇಳಿಯುವಾಗ ದಾರಿ ಕಾಣದೆ ಹೋದರು. ಆ ಭಾಗದಲ್ಲೆಲ್ಲ ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ನೇಪಾಳದವರು, ಹೊರದೇಶದವರು, ನಮ್ಮ ದೇಶದವರೂ.

ಮೂರು ದಿನ ಲಾಡ್ಜಿನ ಒಲೆ ಮುಂದೆ ಕೂತು ವಾಪಸ್ ಬಂದೆವು. ಪಾಸ್ ನೋಡಲೇ ಇಲ್ಲ. 2018ರ ನವೆಂಬರಿನಲ್ಲಿ ಮತ್ತೆ ಹೋಗಿ ದಾಟಿದೆ.

ಅಕ್ಟೋಬರ್ ಕೆಟ್ಟದು ಅನ್ನುತ್ತಿಲ್ಲ. ಹೆಚ್ಚಿನ ವರ್ಷಗಳಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಆದರೆ 2021ರ ಅಕ್ಟೋಬರ್ ಮೂರನೇ ವಾರದಲ್ಲೂ ನೇಪಾಳದಲ್ಲಿ ಅಕಾಲ ಮಳೆ, ಪ್ರವಾಹ ಬಂತು. ನವೆಂಬರಿನಲ್ಲೂ ಬಂಗಾಳ ಕೊಲ್ಲಿ ಸುಮ್ಮನಿರುವುದಿಲ್ಲ. ಹಾಗಾಗಿ ಯಾವ ತಿಂಗಳು ಹೋದರೂ ಕೊಲ್ಲಿಯ ಹವಾಮಾನ ನೋಡುತ್ತಾ ಇರಿ. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಿಮ್ಮ ಅಕ್ಟೋಬರ್ ಯೋಜನೆಯಲ್ಲಿ ಹಬ್ಬಕ್ಕೆ ಊರು ಮುಟ್ಟಲೇಬೇಕು ಅನ್ನುವ ಗಡುವು ಇದೆ. ಗಡುವು ಇಟ್ಟುಕೊಂಡು ಪಾಸಿಗೆ ಹೋಗಬೇಡಿ.

ಸಿರ್ಸಿಮಾಣಿ

ಅಕ್ಟೋಬರಿಗೆ ಇನ್ನೊಂದು ತೊಡಕು. ನಮ್ಮ ನವರಾತ್ರಿಯೇ ಅವರ ದಶೈಂ. ಅವರಿಗೆ ಅದು ವರ್ಷದ ದೊಡ್ಡ ಹಬ್ಬ. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಗೈಡುಗಳೂ ಪೋರ್ಟರುಗಳೂ ಮನೆಗೆ ಹೋಗಲು ನೋಡುತ್ತಾರೆ. ಅದೇ ಹೊತ್ತಿಗೆ ವಿದೇಶದವರ ಜಾತ್ರೆ. ಫೇಡಿಯಲ್ಲಿ ಊಟದ ಹಾಲಿನ ಬೆಂಚಿನ ಮೇಲೆ ಮಲಗಿದ್ದೇನೆ.

ಉಳಿದ ಕಾಲದ ಬಗ್ಗೆಯೂ ಹೇಳಿಬಿಡುತ್ತೇನೆ. ಮಾರ್ಚ್ ಏಪ್ರಿಲ್‌ನಲ್ಲಿ ಘೋರೆಪಾನಿ ಕಡೆ ಲಾಲಿಗುರಾಂಸ್ (ರೋಡೋಡೆಂಡ್ರನ್ ಹೂ) ಕಾಡಿಗೆ ಕಾಡೇ ಕೆಂಪಗೆ ಅರಳುತ್ತದೆ. ಆದರೆ ಬಯಲಿನ ಮಬ್ಬು ಏರಿ ಬೆಟ್ಟ ಮಸುಕು, ಮಾರ್ಚಿನಲ್ಲಿ ಪಾಸ್ ಮೇಲೆ ಹಿಮವೂ ಜಾಸ್ತಿ. ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ ಮೇಲಿನ ಲಾಡ್ಜುಗಳು ಒಂದೊಂದೇ ಮುಚ್ಚುತ್ತವೆ.

ಮಳೆಗಾಲ ಮಾತ್ರ ಕುತೂಹಲದ್ದು. ಪೋಖರಾ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದೇ ಬೆಟ್ಟಸಾಲಿನ ಹಿಂದೆ ಜೋಮ್‌ಸೊಮ್‌ನಲ್ಲಿ 300ರ ಆಸುಪಾಸು. ಆಗುಂಬೆಯಿಂದ ಚಳ್ಳಕೆರೆಗೆ ಹೋದ ಹಾಗೆ! ಮನಾಂಗೂ ಹಾಗೇ ಮಳೆಯ ನೆರಳಿನಲ್ಲಿದೆ. ಆದರೆ ಮನಾಂಗ್ ಮುಟ್ಟಬೇಕಾದರೆ ಜಿಗಣೆ, ಭೂಕುಸಿತ ದಾಟಿಯೇ ಹೋಗಬೇಕು. ಜಿಗಣೆ ನಮಗೆ ಹೊಸದಲ್ಲ ಬಿಡಿ, ಭೂಕುಸಿತಕ್ಕೆ ಸುಣ್ಣ ಹಚ್ಚಲು ಆಗುವುದಿಲ್ಲ.

ಸಿಯಾಟಲ್_ಕನ್ನಡತಿ

ಸ್ವಲ್ಪ ದಾರಿ ತಪ್ಪಿದ ಮಾತು, ಕ್ಷಮಿಸಿ. ಇಲ್ಲಿ ಅಮೆರಿಕದಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆಯುವವರಲ್ಲೂ ಇದೇ ಚರ್ಚೆ. ಮೆಕ್ಸಿಕೋ ಗಡಿಯಿಂದ ಕೆನಡಾದವರೆಗೆ ಸುಮಾರು 4,265 ಕಿ.ಮೀ. ಉತ್ತರಕ್ಕೆ ನಡೆಯುವವರು ಏಪ್ರಿಲ್ ಸುತ್ತಮುತ್ತ ಹೊರಡುತ್ತಾರೆ. ಮೊದಲೇ ಹೋದರೆ ಸಿಯೆರಾ ನೆವಾಡಾದಲ್ಲಿ ಹಿಮ ಕರಗಿರುವುದಿಲ್ಲ, ತಡವಾದರೆ ವಾಷಿಂಗ್ಟನ್ನಿನಲ್ಲಿ ಹೊಸ ಹಿಮ ಬೀಳುತ್ತದೆ. ದಕ್ಷಿಣಕ್ಕೆ ಬರುವವರು ಜೂನ್ ಕೊನೆವರೆಗೆ ಕಾಯಲೇಬೇಕು. ಅಂದರೆ ದಿಕ್ಕು ಆರಿಸಿದರೆ ತಿಂಗಳನ್ನೂ ಆರಿಸಿದ ಹಾಗೇ. ನಿಮ್ಮದು ಸುತ್ತಿ ಬರುವ ದಾರಿಯಾದರೂ ಗಂಟು ಅದೇ.

ನನ್ನ ಪ್ರಶ್ನೆ ಬೇರೆ. ಇಷ್ಟು ಹೊತ್ತು ಎಲ್ಲರೂ ಮಗನ ಎತ್ತರ ಲೆಕ್ಕ ಹಾಕಿದಿರಿ. ಅಮ್ಮನದು?

ಡಾಕ್ಟರಮ್ಮ_ಮೈಸೂರು

ಒಳ್ಳೆ ಪ್ರಶ್ನೆ ಅಕ್ಕ. ನಾನೇ ಕೇಳಬೇಕಿತ್ತು. ಮೆಲ್ಲನಡಿಗೆಯವರೇ, ಅಮ್ಮನಿಗೆ ವಯಸ್ಸೆಷ್ಟು? ಬಿಪಿ, ಶುಗರ್?

ಮೆಲ್ಲನಡಿಗೆ

63. ಬಿಪಿಗೆ ಬೆಳಿಗ್ಗೆ ಒಂದು ಮಾತ್ರೆ. ಶುಗರ್ ಇಲ್ಲ. ನಮ್ಮ ಊರಿನ ಬೆಟ್ಟದ ದೇವಸ್ಥಾನದ ಮೆಟ್ಟಿಲು ನನಗಿಂತ ಮೊದಲು ಹತ್ತುತ್ತಾರೆ.

ಡಾಕ್ಟರಮ್ಮ_ಮೈಸೂರು

ಮೆಟ್ಟಿಲು ಹತ್ತುವವರಿಗೂ ಎತ್ತರದ ಕಾಯಿಲೆ ಬರುತ್ತದೆ. ಅದು ಕಾಲಿನ ಬಲ ನೋಡಿ ಬರುವುದಿಲ್ಲ. ಎರಡೇ ದಿನದಲ್ಲಿ ಪೋಖರಾದಿಂದ ಮುಕ್ತಿನಾಥಕ್ಕೆ ಹೋಗಿ ಅಲ್ಲಿ ಮೂರು ರಾತ್ರಿ ಮಲಗಿಸುವುದು ನನಗೆ ಇಷ್ಟವಾಗಲಿಲ್ಲ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಒಂದು ರಾತ್ರಿ ತಾತೋಪಾನಿ, ಅಲ್ಲಿ ಎತ್ತರ 1,200, ಬಿಸಿನೀರಿನ ಬುಗ್ಗೆಯೂ ಇದೆ. ಎರಡು ರಾತ್ರಿ ಮಾರ್ಫಾ, 2,670. ಸೇಬಿನ ತೋಟ, ಕಲ್ಲಿನ ಓಣಿಗಳು, ಅಮ್ಮನಿಗೆ ಬೇಜಾರಾಗುವುದಿಲ್ಲ. ಬೆಳಿಗ್ಗೆ ಬೇಗ ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋಗಿ, ಪೂಜೆ ಮುಗಿಸಿ, ಸಂಜೆಗೆ ಮತ್ತೆ ಮಾರ್ಫಾಕ್ಕೆ ಇಳಿದು ಮಲಗುವುದು.

108 ಧಾರೆಯ ಸ್ನಾನದ ಬಗ್ಗೆ: ನವೆಂಬರ್ ಕೊನೆಯಲ್ಲಿ ಆ ನೀರು ಹಿಮದಷ್ಟೇ ತಣ್ಣಗೆ. ತಲೆಗೆ ಪ್ರೋಕ್ಷಣೆ ಸಾಕು ಅಂತ ನೀವೇ ಹೇಳಿ, ನನ್ನ ಮಾತು ಅವರು ಕೇಳುವುದಿಲ್ಲ. ಹೊರಡುವ ಮುಂಚೆ ಅವರ ಡಾಕ್ಟರಿಗೆ ತೋರಿಸಿ.

ಧಾರವಾಡ_ಪೇಡೆ

ಈಗ ನಂದೊಂದು ಮಾತು, ಈ ಸಲ ಚಾಷ್ಟಿ ಅಲ್ಲ. ಎಲ್ಲಾರೂ ಎತ್ತರ ನೋಡಾಕತ್ತೀರಿ, ಯಾರೂ ಪಂಚಾಂಗ ನೋಡವಲ್ಲಿರಿ.

ಅಮ್ಮನಿಗೆ ಬೇಕಾದ್ದು ಕಾರ್ತೀಕ ಹೌದಲ್ರೀ? ದ್ವಾದಶಿ ಒಂದೇ ದಿನ, ಆದರೆ ನಮ್ಮ ಕಡೆ ಕಾರ್ತೀಕ ಮಾಸ ಅಮಾವಾಸ್ಯೆವರೆಗೂ ಇರುತ್ತದೆ. ಈ ವರ್ಷ ಡಿಸೆಂಬರ್ 8ರವರೆಗೆ. ನವೆಂಬರ್ 24ಕ್ಕೆ ಹುಣ್ಣಿಮೆ. ನಮ್ಮ ಕಡೆ ಅದಕ್ಕೆ ಗೌರಿ ಹುಣ್ಣಿಮೆ ಅಂತೀವಿ, ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಕೊಂಡು ಓಣಿ ತುಂಬಾ ಓಡಾಡತಾರ. ದ್ವಾದಶಿ ದಿನ ಅಮ್ಮ ಮನೆಯ ತುಳಸಿ ಕಟ್ಟೆ ಮುಂದೆ ಪೂಜೆ ಮಾಡಲಿ. ಹುಣ್ಣಿಮೆ ಆಸುಪಾಸು ಮುಕ್ತಿನಾಥಕ್ಕೆ ಬರಲಿ. ನೀವು ಸೀದಾ ದಾರಿಯಿಂದ ಬಂದು ಅಲ್ಲಿ ಸಿಗ್ರಿ. ಬೆಳಗಿನ ಜಾವ ನಾಲ್ಕಕ್ಕೆ ಫೇಡಿ ಬಿಡುವಾಗ ಪಡುವಣದಾಗ ಚಂದ್ರ ಇರತಾನ. ಇನ್ನೇನು ಬೇಕು?

ಸಿರ್ಸಿಮಾಣಿ

ಪೇಡೆ ಸಾಹೇಬರೇ, ಇದು ನನಗೆ ಹೊಳೆಯಲೇ ಇಲ್ಲ. ದಿನ ಕೂಡಿಸಿ ನೋಡಿದೆ, ಆಗುತ್ತದೆ.

11ಕ್ಕೆ ಬೆಂಗಳೂರು ಬಿಟ್ಟು 12ಕ್ಕೆ ಕಠ್ಮಂಡುವಿನಲ್ಲಿ ಪರ್ಮಿಟ್. ನಮ್ಮಂಥ ಸಾರ್ಕ್ (ದಕ್ಷಿಣ ಏಷ್ಯಾದ) ದೇಶದವರಿಗೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಶುಲ್ಕ 1,000 ನೇಪಾಳಿ ರೂಪಾಯಿ, ನಮ್ಮ 625. ಉಳಿದ ವಿದೇಶಿಯರಿಗೆ 3,000. 2023ರ ಏಪ್ರಿಲ್ 1ರಿಂದ ಗೈಡ್ ಕಡ್ಡಾಯ ಅಂತ ನಿಯಮ ಬಂದಿದೆ, ಆ ಖರ್ಚೂ ಸೇರಿಸಿಕೊಳ್ಳಿ. ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. 13ಕ್ಕೆ ಬೆಸಿಸಹರ್. 14ಕ್ಕೆ ಜೀಪಿನಲ್ಲಿ ಧಾರಾಪಾನಿ. ಕೆಳಗಿನ ದಾರಿ ಬಿಟ್ಟಿದ್ದಕ್ಕೆ ಬೇಸರ ಬೇಡ, ಈಗ ಅಲ್ಲೆಲ್ಲ ಜೀಪಿನ ಧೂಳೇ. 15 ಚಾಮೆ, 16 ಮೇಲಿನ ಪಿಸಾಂಗ್. 17ಕ್ಕೆ ರಸ್ತೆ ಬಿಟ್ಟು ಘ್ಯಾರು ಮೇಲಿಂದ ನಗವಾಲ್. ಈ ದಿನ ಮಾತ್ರ ದಯವಿಟ್ಟು ಕೆಳಗಿನ ರಸ್ತೆ ಹಿಡಿಯಬೇಡಿ. ಏರು ಕೊಲ್ಲುತ್ತದೆ, ಆದರೆ ಎದುರಿಗೆ ಅನ್ನಪೂರ್ಣ ಸಾಲು ಅಂಗಳದಲ್ಲಿ ನಿಂತ ಹಾಗೆ ಕಾಣುತ್ತದೆ, ಮೇಲಾಗಿ 3,660ರಲ್ಲಿ ಮಲಗಿದರೆ ದೇಹ ಬೇಗ ಒಗ್ಗುತ್ತದೆ. ಅಲ್ಲೆಲ್ಲ ಕೆಂಪು ಬಿಳಿ ಬಣ್ಣದ ಗುರುತು ನೋಡಿಕೊಂಡು ನಡೆಯಿರಿ. 18, 19 ಮನಾಂಗ್. 20 ಯಾಕ್ ಖರ್ಕ. 21 ಫೇಡಿ. 22ರಿಂದ 25ರೊಳಗೆ ಹವೆ ಚೆನ್ನಾಗಿರುವ ದಿನ ಪಾಸ್.

ಅಂದರೆ ನಿಮ್ಮ ಕೈಯಲ್ಲಿ ಮೂರು ದಿನ ಹೆಚ್ಚಿಗೆ ಇದೆ. ತಿಲಿಚೋ ಸರೋವರಕ್ಕೆ ಹೋಗುವ ಆಸೆ ಬರುತ್ತದೆ. ಈ ಸಲ ಬೇಡ, ಆ ದಿನಗಳನ್ನು ಪಾಸಿಗೆ ಇಡಿ.

ಉಲ್ಟಾಪಲ್ಟಾ

ಒಪ್ಪಿದೆ, ಸೋತೆ. ಆದರೆ ಗಾಳಿಯ ಮಾತು ಮರೆಯಬೇಡಿ. ಪಾಸ್ ಮೇಲೂ ಹತ್ತು ಗಂಟೆ ನಂತರ ಗಾಳಿ ಜೋರು, ಅದಕ್ಕೇ ನಾಲ್ಕಕ್ಕೆ ಹೊರಡುವುದು. ನವೆಂಬರ್ ಕೊನೆಯಲ್ಲಿ ಫೇಡಿಯಲ್ಲಿ ರಾತ್ರಿ ಮೈನಸ್ ಹತ್ತು, ಹದಿನೈದು ಆಗುತ್ತದೆ. ನೀರಿನ ಬಾಟಲಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಇಳಿಯಲು ಎರಡು ಕೋಲು ಬೇಕೇ ಬೇಕು.

ಅಮ್ಮನನ್ನು ಪೋಖರಾದಿಂದ ಜೋಮ್‌ಸೊಮ್‌ಗೆ ವಿಮಾನದಲ್ಲಿ ಕರೆತರುವ ಯೋಚನೆ ಇದ್ದರೆ, ಬೆಳಿಗ್ಗೆ ಮಾತ್ರ ಹಾರುತ್ತದೆ, ಕಾರಣ ಅದೇ ಗಾಳಿ. ನಾನು ಎರಡು ದಿನ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತು ಕೊನೆಗೆ ಜೀಪ್ ಹತ್ತಿದ್ದೆ.

ಮಲೆಗಾಳಿ

ಒಂದು ಷರತ್ತು ಸೇರಿಸಿ. "24ಕ್ಕೆ ಬಂದೇ ಬರುತ್ತೇನೆ" ಅಂತ ಅಮ್ಮನಿಗೆ ಮಾತು ಕೊಡಬೇಡಿ. ನೀವು ಬರದಿದ್ದರೆ ಅವರು ಮಾವನ ಜೊತೆ ಪೂಜೆ ಮುಗಿಸಿ ಮಾರ್ಫಾಕ್ಕೆ ಇಳಿಯಬೇಕು, ಅಷ್ಟೇ. ಇದನ್ನು ಹೊರಡುವ ಮುಂಚೆಯೇ ಇಬ್ಬರೂ ಒಪ್ಪಿಕೊಂಡಿರಬೇಕು. ಮೇಲೆ ಹಿಮ ಬೀಳುತ್ತಿರುವಾಗ "ಅಮ್ಮ ಕಾಯುತ್ತಿದ್ದಾಳೆ" ಅನ್ನುವ ಯೋಚನೆ ತಲೆಯಲ್ಲಿದ್ದರೆ ತಪ್ಪು ಹೆಜ್ಜೆ ಇಡುತ್ತೀರಿ.

ಮೆಲ್ಲನಡಿಗೆ

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ದ್ವಾದಶಿ ಬಿಡಲು ಮೊದಲು ಒಪ್ಪಲಿಲ್ಲ. ಗೌರಿ ಹುಣ್ಣಿಮೆ ಅಂದಾಗ ಎದ್ದು ಹೋಗಿ ಕ್ಯಾಲೆಂಡರ್ ತಂದರು. "ಧಾರವಾಡದವರಿಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ" ಅಂದರು. ಸ್ನಾನದ ಬಗ್ಗೆ ಡಾಕ್ಟರಮ್ಮನ ಮಾತಿಗೆ ಉತ್ತರ ಕೊಡಲಿಲ್ಲ, ಸುಮ್ಮನೆ ಸಾರು ಬಡಿಸಿದರು. ಅದು ನನಗೆ ಒಳ್ಳೆ ಲಕ್ಷಣ ಅನ್ನಿಸಲಿಲ್ಲ.

ತೀರ್ಮಾನ: ನಾನು ಸೀದಾ ದಾರಿ, 11ಕ್ಕೆ ಹೊರಡುತ್ತೇನೆ. ಅಮ್ಮ, ಮಾವ ರೈಲಿನಲ್ಲಿ ಗೋರಖ್‌ಪುರಕ್ಕೆ, ಅಲ್ಲಿಂದ ಸುನೌಲಿ ಗಡಿ ದಾಟಿ ಪೋಖರಾಕ್ಕೆ. ಅವರು ಮಾರ್ಫಾದಲ್ಲಿ ಇರುತ್ತಾರೆ. ನಾನು ಮೊದಲು ಬಂದರೆ ಮುಕ್ತಿನಾಥದಲ್ಲಿ ಕಾಯುತ್ತೇನೆ. ಬರದಿದ್ದರೆ ಅವರು ಕಾಯುವುದಿಲ್ಲ. ಮಾವ ಇದನ್ನು ಡೈರಿಯಲ್ಲಿ ಬರೆದುಕೊಂಡು ನನ್ನ ಸಹಿಯನ್ನೂ ಹಾಕಿಸಿಕೊಂಡರು.

ಒಂದೇ ಪ್ರಶ್ನೆ ಉಳಿದಿದೆ. ಕಠ್ಮಂಡುವಿನಿಂದ ಬೆಸಿಸಹರ್‌ಗೆ ನೇರ ಬಸ್ ಸಿಗದಿದ್ದರೆ?

ಸಿರ್ಸಿಮಾಣಿ

ಪೋಖರಾ ಬಸ್ ಹತ್ತಿ ಡುಮ್ರೆಯಲ್ಲಿ ಇಳಿಯಿರಿ. ಅಲ್ಲಿಂದ ಬೆಸಿಸಹರ್‌ಗೆ ಸಣ್ಣ ಬಸ್ಸು, ಜೀಪು ಸಿಗುತ್ತವೆ. ಕಿಟಕಿ ಸೀಟು ಎಡಗಡೆಯದ್ದೋ ಬಲಗಡೆಯದ್ದೋ ಅಂತ ಮಾತ್ರ ಇಲ್ಲಿ ಕೇಳಬೇಡಿ, ಇನ್ನೂ ನಲವತ್ತು ಉತ್ತರ ಬರುತ್ತವೆ.

ಧಾರವಾಡ_ಪೇಡೆ

ಬಲಗಡೆ.